ಫಿಸಿಯೋಥೆರಪಿ ಬಿಲ್ಲನ್ನು ವಿಮಾ ಕಂಪನಿ ಹೇಗೆ ನೋಡುತ್ತದೆ?

ಬಳ್ಳಾರಿಯಲ್ಲಿ ಫಿಸಿಯೋಥೆರಪಿಗೆ ಹೋಗುವವರು ಆ ಹೆಸರು ಹೇಳುವುದು ಕಡಿಮೆ. "ಕರೆಂಟ್ ಇಡಿಸ್ಕೊಂಡು ಬರ್ತೀನಿ" ಅನ್ನುತ್ತಾರೆ. ಸಣ್ಣ ಯಂತ್ರದಿಂದ ಸ್ನಾಯುಗಳಿಗೆ ಹಗುರವಾಗಿ ವಿದ್ಯುತ್ ಹಾಯಿಸುವುದು ಆ ಚಿಕಿತ್ಸೆಯ ಒಂದು ಸಣ್ಣ ಭಾಗ ಅಷ್ಟೇ. ಮೂಳೆ ಮುರಿದು ವಾರಗಟ್ಟಲೆ ಅಲುಗಾಡದೆ ಇದ್ದರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಅದನ್ನು ದಿನವೂ ಸ್ವಲ್ಪ ಸ್ವಲ್ಪ ಮಡಚಿಸಿ, ಎತ್ತಿಸಿ, ನಡೆಸಿ ಮೊದಲಿನ ಸ್ಥಿತಿಗೆ ತರುವುದೇ ಫಿಸಿಯೋಥೆರಪಿಯ ಮುಖ್ಯ ಕೆಲಸ. ಆಪರೇಷನ್ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಇದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು.

ನಮ್ಮ ಕಡೆ ಇದರ ಅಗತ್ಯ ಯಾರಿಗೆ ಹೆಚ್ಚು ಎಂದು ಯೋಚಿಸಿ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಷಿನ್ ಮೇಲೆ ಬಾಗಿ ಕೂರುವ ಟೈಲರ್‌ಗಳು, ದಿನವಿಡೀ ನಿಂತು ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್‌ಗಳು. ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಚೀಲ ಹೊರುವ ಹಮಾಲರು. ಕುರುಗೋಡು ಕಡೆಯ ಹೊಲಗಳಲ್ಲಿ ಬಗ್ಗಿ ಮೆಣಸಿನಕಾಯಿ, ಹತ್ತಿ ಬಿಡಿಸುವ ಹೆಂಗಸರು. ಇವರ ಮೊಣಕಾಲು, ಸೊಂಟ, ಭುಜ ಕೆಲಸ ಮಾಡಿದರೆ ಮಾತ್ರ ಆ ದಿನದ ಕೂಲಿ ಸಿಗುತ್ತದೆ. ಆದರೆ ಆರೋಗ್ಯ ವಿಮೆಯ ಪಾಲಿಸಿಗಳನ್ನು ಬರೆದಿರುವ ರೀತಿಯೇ ಈ ಚಿಕಿತ್ಸೆಗೆ ಹೊಂದುವುದಿಲ್ಲ. ಪಾಲಿಸಿ ನೋಡುವುದು ಆಸ್ಪತ್ರೆಯ ಹಾಸಿಗೆ ಮತ್ತು ದೊಡ್ಡ ಬಿಲ್ಲನ್ನು. ಫಿಸಿಯೋಥೆರಪಿಯಲ್ಲಿ ಹಾಸಿಗೆ ಇಲ್ಲ, ಬಿಲ್ಲು ಸಣ್ಣದು, ಅದೂ ದಿನಕ್ಕೊಂದು.

ಇದು ನನಗೆ ಗೊತ್ತಾದದ್ದು ನನ್ನ ಮಾಮು, ಅಂದರೆ ತಾಯಿಯ ತಮ್ಮ, ಕಳಿಸಿದ ಒಂದು ಕ್ಲೇಮಿನಿಂದ. ಅವರ ಮನೆ ಕುರುಗೋಡಿನಲ್ಲಿ, ಕೆಲಸ ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ, ಕಟಿಂಗ್ ಮಾಸ್ಟರ್. ಒಂದು ರಾತ್ರಿ ಮನೆಗೆ ಹೋಗುವಾಗ ಬೈಕಿಗೆ ನಾಯಿ ಅಡ್ಡ ಬಂದು ಬಿದ್ದರು. ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್ ಕೂಡಿಸಿದರು. ಆ ಖರ್ಚಿನ ಹೆಚ್ಚಿನ ಭಾಗವನ್ನು ವಿಮಾ ಕಂಪನಿ ಆಸ್ಪತ್ರೆಗೇ ನೇರವಾಗಿ ಕೊಟ್ಟಿತು. ಅದರಲ್ಲಿ ಯಾರಿಗೂ ತಕರಾರಿಲ್ಲ. ಜೂನ್ 10ಕ್ಕೆ ಡಿಸ್ಚಾರ್ಜ್ ಆಯಿತು. ಆರು ವಾರ ಕಾಲಿನ ಮೇಲೆ ಭಾರ ಹಾಕಬಾರದು ಎಂದರು ಡಾಕ್ಟರು. ಜುಲೈ 24ರಿಂದ ಫಿಸಿಯೋಥೆರಪಿ ಶುರುವಾಯಿತು. ದಿನಕ್ಕೆ 300 ರೂಪಾಯಿ, ಭಾನುವಾರ ರಜೆ, ಒಟ್ಟು 36 ಸಿಟಿಂಗ್, 10,800 ರೂಪಾಯಿ. ಈ ಹಣ ಕೇಳಿ ಕಾಗದ ಕಳಿಸಿದಾಗ ಕಂಪನಿಯಿಂದ ಮೊದಲು ಪ್ರಶ್ನೆಗಳು ಬಂದವು, ಆಮೇಲೆ 'ಕೊಡಲಾಗುವುದಿಲ್ಲ' ಎಂಬ ಪತ್ರ ಬಂತು.

"ಇತ್ತೆ ಕಾಗಜಾಂ ಕೈಕು ಜೀ?" ಎಂದು ಮಾಮು ಕೇಳಿದರು. ಇಷ್ಟೊಂದು ಕಾಗದ ಯಾಕೆ ಅಂತ. ಪಾಲಿಸಿ ಇದ್ದದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಕಾಮರ್ಸ್ ಓದುವವನು ನಾನೊಬ್ಬನೇ, ಹಾಗಾಗಿ ಅದು ನನ್ನ ಕೈಗೆ ಬಂತು. (ವಿಮೆ ಮಾಡಿಸುವುದು ಸರಿಯೇ ಎಂಬ ಚರ್ಚೆ ನಮ್ಮ ಅನೇಕ ಮನೆಗಳಲ್ಲಿ ಇದೆ. ಅದನ್ನು ಆಲಿಮರಿಗೆ ಬಿಡುತ್ತೇನೆ. ಪಾಲಿಸಿ ಈಗಾಗಲೇ ತೆಗೆದುಕೊಂಡವರು, ಕೆಲಸದ ಕಡೆಯಿಂದ ಗುಂಪು ವಿಮೆ ಸಿಕ್ಕವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಬೈಕಿಗಂತೂ ಥರ್ಡ್ ಪಾರ್ಟಿ ವಿಮೆ ಕಾನೂನಿನಲ್ಲೇ ಕಡ್ಡಾಯ.)

ಮೊದಲು ಕ್ಲೇಮನ್ನು ಯಾರು ನೋಡುತ್ತಾರೆ ಎಂಬುದು. ಅನೇಕ ಕಂಪನಿಗಳು ಈ ಕೆಲಸವನ್ನು ಟಿಪಿಎ ಎಂಬ ಮಧ್ಯದ ಸಂಸ್ಥೆಗೆ ವಹಿಸುತ್ತವೆ. ಟಿಪಿಎ ಕಾಗದ ಪರಿಶೀಲಿಸುತ್ತದೆ, ಪ್ರಶ್ನೆ ಕೇಳುತ್ತದೆ. ಹಣ ಕಂಪನಿಯದು, ಕೊಡುವ ಬಿಡುವ ತೀರ್ಮಾನವೂ ಕಂಪನಿಯದೇ. ಕಾಗದ ನೋಡುವವರು ರೋಗಿಯ ಮುಖ ನೋಡಿರುವುದಿಲ್ಲ. ಅವರ ಮುಂದೆ ಇರುವುದು ಪಾಲಿಸಿಯ ಶರತ್ತು ಮತ್ತು ನಾವು ಕಳಿಸಿದ ಹಾಳೆಗಳು.

ಅವರು ಕೇಳುವ ಮೊದಲ ಪ್ರಶ್ನೆ: ಈ ಚಿಕಿತ್ಸೆ ಆಸ್ಪತ್ರೆ ದಾಖಲಾತಿಗೆ ಸಂಬಂಧಪಟ್ಟದ್ದೇ? ಸಾಮಾನ್ಯ ಪಾಲಿಸಿಯಲ್ಲಿ 24 ಗಂಟೆಯಾದರೂ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಮಾತ್ರ ಹಣ. ಡಯಾಲಿಸಿಸ್, ಕಣ್ಣಿನ ಪೊರೆಯ ಆಪರೇಷನ್ ಮುಂತಾದ ಡೇ ಕೇರ್ ಚಿಕಿತ್ಸೆಗಳಿಗೆ ಇದರಿಂದ ವಿನಾಯಿತಿ ಇದೆ. ದಿನಾ ಹೋಗಿ ಬರುವ ಫಿಸಿಯೋಥೆರಪಿ ಹೊರರೋಗಿ ಚಿಕಿತ್ಸೆ. ಅದಕ್ಕೆ ಪಾಲಿಸಿಯೊಳಗೆ ಬರಲು ಇರುವ ಸಾಮಾನ್ಯ ಬಾಗಿಲು ಒಂದೇ: 'ಡಿಸ್ಚಾರ್ಜ್ ನಂತರದ ಖರ್ಚು'. ದಾಖಲಾಗಿದ್ದ ಅದೇ ಕಾಯಿಲೆಗೆ, ಡಿಸ್ಚಾರ್ಜ್ ಆದ ಮೇಲೆ ಇಂತಿಷ್ಟು ದಿನದೊಳಗೆ ಮಾಡಿದ ಖರ್ಚನ್ನು ಕೊಡುತ್ತೇವೆ ಎಂಬ ಮಾತು. ಅದೂ ಆ ಆಸ್ಪತ್ರೆಯ ಕ್ಲೇಮು ಒಪ್ಪಿಗೆಯಾಗಿದ್ದರೆ ಮಾತ್ರ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗಳೂ ಮಾರಬೇಕೆಂದು 2020ರ ಏಪ್ರಿಲ್‌ನಲ್ಲಿ ತಂದ 'ಆರೋಗ್ಯ ಸಂಜೀವಿನಿ' ಎಂಬ ಮಾದರಿ ಪಾಲಿಸಿಯಲ್ಲಿ ಈ ಅವಧಿ 60 ದಿನ. ಕೆಲವು ಪಾಲಿಸಿಗಳಲ್ಲಿ 90, ಇನ್ನು ಕೆಲವದರಲ್ಲಿ 180 ದಿನವೂ ಇರುತ್ತದೆ.

ಮಾಮು ಅವರ ಪಾಲಿಸಿಯಲ್ಲಿ 60. ಈಗ ಲೆಕ್ಕ ಹಾಕಿ. ಜೂನ್ 10ರಿಂದ 60 ದಿನ ಅಂದರೆ ಆಗಸ್ಟ್ 9ಕ್ಕೆ ಮುಗಿಯಿತು. ಆದರೆ ಚಿಕಿತ್ಸೆ ಶುರುವಾದದ್ದೇ ಜುಲೈ 24ಕ್ಕೆ. ಅಷ್ಟರಲ್ಲಿ 44 ದಿನ ಹೋಗಿತ್ತು. ಉಳಿದ ದಿನಗಳಲ್ಲಿ ಭಾನುವಾರ ಬಿಟ್ಟು ಸಿಕ್ಕಿದ್ದು 15 ಸಿಟಿಂಗ್. ಅಂದರೆ 10,800ರಲ್ಲಿ 4,500 ಮಾತ್ರ ಅವಧಿಯೊಳಗೆ, 6,300 ಹೊರಗೆ. ಕಂಪನಿ ಮೊದಲು ಆ 4,500ನ್ನೂ ನಿರಾಕರಿಸಿತ್ತು, ಅದರ ಕಥೆ ಮುಂದೆ ಬರುತ್ತದೆ. ನನಗೆ ಇವತ್ತಿಗೂ ಅನ್ಯಾಯ ಅನಿಸುವುದು ಈ 60ರ ಲೆಕ್ಕ. ಕಂಪನಿಯ ಗಡಿಯಾರ ಡಿಸ್ಚಾರ್ಜ್ ದಿನದಿಂದ ಓಡುತ್ತದೆ. ಮೂಳೆ ಕೂಡಿಕೊಳ್ಳುವುದು ಅದರ ಪಾಡಿಗೆ ಅದು. ಆರು ವಾರ ಕಾಲೂರಬೇಡ ಎಂದು ಡಾಕ್ಟರೇ ಹೇಳಿದ ಮೇಲೆ ಆ ದಿನಗಳನ್ನು ರೋಗಿಯ ಲೆಕ್ಕದಿಂದ ಕಳೆಯುವುದು ಯಾವ ನ್ಯಾಯ? 60ನೇ ದಿನ ಮಾಮು ಅವರ ಮೊಣಕಾಲು 80 ಡಿಗ್ರಿ ಮಡಚುತ್ತಿತ್ತು. ಆರೋಗ್ಯವಂತರ ಮೊಣಕಾಲು ಸುಮಾರು 135 ಡಿಗ್ರಿ ಮಡಚುತ್ತದೆ. ನಮಾಜಿನಲ್ಲಿ ನೆಲದ ಮೇಲೆ ಕೂರಬೇಕಾದರೆ ಪೂರ್ತಿ ಮಡಚಲೇಬೇಕು. ಆಗ ಅವರು ಕುರ್ಚಿಯ ಮೇಲೆ ನಮಾಜು ಮಾಡುತ್ತಿದ್ದರು, ಕೆಲಸಕ್ಕೆ ಹೋಗುವ ಮಾತೇ ಇರಲಿಲ್ಲ.

ಎರಡನೇ ಪ್ರಶ್ನೆ: ಇದನ್ನು ಯಾರು ಬರೆದುಕೊಟ್ಟರು? ಇಲ್ಲಿ ಒಂದು ಸೂಕ್ಷ್ಮ ಇದೆ. ಪಾಲಿಸಿಗಳಲ್ಲಿ 'ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ' ಎಂಬುದಕ್ಕೆ ಐಆರ್‌ಡಿಎಐ ಕೊಟ್ಟ ಒಂದೇ ವ್ಯಾಖ್ಯೆ ಇರುತ್ತದೆ. ಅದರಲ್ಲಿ ಒಂದು ಶರತ್ತು, ಚಿಕಿತ್ಸೆಯನ್ನು ವೈದ್ಯರು ಸೂಚಿಸಿರಬೇಕು ಎಂಬುದು. ವೈದ್ಯರು ಅಂದರೆ ಮೆಡಿಕಲ್ ಕೌನ್ಸಿಲಿನಲ್ಲಿ ನೋಂದಣಿ ಆದವರು. ಫಿಸಿಯೋಥೆರಪಿಸ್ಟರು ಎಷ್ಟೇ ಓದಿದ್ದರೂ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಅವರ ವೃತ್ತಿಗೆ ಬೇರೆ ಕಾಯ್ದೆ ಇದೆ, ಸಂಸತ್ತು 2021ರಲ್ಲಿ ಮಾಡಿದ್ದು. ಹಾಗಾಗಿ ಫಿಸಿಯೋಥೆರಪಿಸ್ಟರ ಬಿಲ್ಲೊಂದೇ ಸಾಲದು, ಆಪರೇಷನ್ ಮಾಡಿದ ಡಾಕ್ಟರ ಚೀಟಿ ಬೇಕು. ಆ ಚೀಟಿಯಲ್ಲಿ ಬರೀ 'ಫಿಸಿಯೋಥೆರಪಿ' ಎಂದಿದ್ದರೆ ಮತ್ತೆ ಪ್ರಶ್ನೆ ಬರುತ್ತದೆ. ಯಾವ ಕೀಲಿಗೆ, ಯಾಕೆ, ವಾರಕ್ಕೆ ಎಷ್ಟು ದಿನ, ಎಷ್ಟು ವಾರ ಎಂದು ಇರಬೇಕು. ಮಾಮು ಅವರ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ಒಂದೇ ಪದ.

ಮೂರನೆಯದು ನಿಜವಾದ ತಪಾಸಣೆ: ಈ ಚಿಕಿತ್ಸೆ ನಡೆಯಿತೇ? ಫಿಸಿಯೋಥೆರಪಿಯ ಬಿಲ್ಲನ್ನು ಕಂಪನಿಗಳು ಅನುಮಾನದಿಂದ ನೋಡಲು ಕಾರಣ ಇಲ್ಲಿದೆ. ಆಪರೇಷನ್ ಆದರೆ ಎಕ್ಸ್‌ರೇಯಲ್ಲಿ ಪ್ಲೇಟ್ ಕಾಣುತ್ತದೆ, ಹೊಲಿಗೆಯ ಗುರುತು ಉಳಿಯುತ್ತದೆ. ಔಷಧಿ ಕೊಂಡರೆ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಅರ್ಧ ಗಂಟೆ ಕಾಲು ಮಡಚಿಸಿ ಕಳಿಸಿದ್ದಕ್ಕೆ ಏನು ಗುರುತು? ಇದೇ ಸಂದಿಯಲ್ಲಿ ಸುಳ್ಳು ಬಿಲ್ಲು ಮಾಡುವವರೂ ನುಸುಳುತ್ತಾರೆ. ಹತ್ತು ದಿನ ಹೋಗಿ ಮೂವತ್ತು ದಿನದ ರಸೀದಿ ಕೇಳುವ ರೋಗಿಗಳೂ ಇದ್ದಾರೆ, ಕೊಡುವವರೂ ಇದ್ದಾರೆ. ನಾವು ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಓದಿದ ವಿಮೆಯ ತತ್ವಗಳಲ್ಲಿ ಮೊದಲನೆಯದು ಎರಡೂ ಕಡೆಯವರು ಪೂರ್ಣ ನಂಬಿಕೆಯಿಂದ, ಏನನ್ನೂ ಮುಚ್ಚಿಡದೆ ನಡೆಯಬೇಕು ಎಂಬುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಸುಳ್ಳು ಬಿಲ್ಲಿನ ಹಣ ಕಂಪನಿಯ ಮಾಲೀಕರ ಜೇಬಿನಿಂದ ಹೋಗುವುದಿಲ್ಲ, ಎಲ್ಲ ಪಾಲಿಸಿದಾರರು ಕಟ್ಟಿದ ಪ್ರೀಮಿಯಂನಿಂದ ಹೋಗುತ್ತದೆ. ಜೊತೆಗೆ, ನಿಜವಾಗಿ ನೋವು ತಿಂದವರ ಬಿಲ್ಲಿಗೂ ಕಳಂಕ ಅಂಟುತ್ತದೆ.

ಮಾಮು ಹೋಗುತ್ತಿದ್ದ ಕ್ಲಿನಿಕ್ ಕೊಟ್ಟದ್ದು ಕೊನೆಯ ದಿನಾಂಕ ಹಾಕಿದ ಒಂದೇ ರಸೀದಿ, '36 ಸಿಟಿಂಗ್, 10,800' ಎಂದು. ಅದನ್ನು ಕಂಡ ಕಂಪನಿ ಪೂರ್ತಿ ನಿರಾಕರಿಸಿತು. ಯಾವ ದಿನ ಬಂದರು ಎಂದೇ ಇಲ್ಲದಿದ್ದರೆ 60 ದಿನದ ಒಳಗಿನದು ಯಾವುದು, ಹೊರಗಿನದು ಯಾವುದು? ಈ ಮಟ್ಟಿಗೆ ಕಂಪನಿಯ ಪ್ರಶ್ನೆ ಸರಿಯಾಗಿಯೇ ಇತ್ತು ಎಂದು ನಾನು ಮಾಮುಗೆ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ.

ಕೊನೆಗೆ ಉಪಯೋಗಕ್ಕೆ ಬಂದದ್ದು ಕ್ಲಿನಿಕ್ಕಿನವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡಿದ್ದ ಒಂದು ಕಾರ್ಡು. ಫಿಸಿಯೋಥೆರಪಿಸ್ಟರ ಬಳಿ ಗೋನಿಯೋಮೀಟರ್ ಎಂಬ ಅಳತೆಪಟ್ಟಿ ಇರುತ್ತದೆ, ನಮ್ಮ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ಕೈ ಬಂದ ಹಾಗೆ. ಒಂದು ಕೈಯನ್ನು ತೊಡೆಯ ಉದ್ದಕ್ಕೆ, ಇನ್ನೊಂದನ್ನು ಕಾಲಿನ ಉದ್ದಕ್ಕೆ ಹಿಡಿದು ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಓದುತ್ತಾರೆ. ಮಾಮು ಅವರ ಕಾರ್ಡಿನಲ್ಲಿ ಮೊದಲ ದಿನ 45, ಆಗಸ್ಟ್ 9ಕ್ಕೆ 80, ಸೆಪ್ಟೆಂಬರ್ ಮೊದಲ ವಾರದಲ್ಲಿ ಮುಗಿಸುವಾಗ 115 ಎಂದು ದಿನಾಂಕದ ಸಮೇತ ಇತ್ತು. ಚಿಕಿತ್ಸೆ ನಡೆದದ್ದಕ್ಕೂ ಅದರಿಂದ ಉಪಯೋಗ ಆದದ್ದಕ್ಕೂ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಾರ್ಡಿನ ಪ್ರತಿ, ದಿನದಿನದ ಹಾಜರಿ ಪಟ್ಟಿ, ದಿನಾಂಕವಾರು ಬಿಲ್ಲು, ಡಾಕ್ಟರು ಹೊಸದಾಗಿ ವಿವರವಾಗಿ ಬರೆದುಕೊಟ್ಟ ಪತ್ರ, ಕ್ಲಿನಿಕ್ಕಿನ ನೋಂದಣಿ ಪತ್ರದ ಪ್ರತಿ, ಎಲ್ಲ ಸೇರಿಸಿ ಮರುಪರಿಶೀಲನೆಗೆ ಕಳಿಸಿದೆವು. (ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಫಿಸಿಯೋಥೆರಪಿ ಕೇಂದ್ರಗಳೂ ನೋಂದಣಿ ಆಗಿರಬೇಕು. ಮೊದಲ ದಿನವೇ ಗೋಡೆಯ ಮೇಲೆ ಆ ಪತ್ರ ಇದೆಯೇ ನೋಡಿ.) 15 ಸಿಟಿಂಗಿನ 4,500 ರೂಪಾಯಿ ಬಂತು.

ಈ ತೊಂದರೆಗೆ ಕೆಲವರು ಹೇಳುವ ಉಪಾಯ ಒಂದಿದೆ: "ಎರಡು ದಿನ ಅಡ್ಮಿಟ್ ಆಗಿಬಿಡಿ, ಕಂಪನಿ ಕೊಡುತ್ತದೆ." ಇದನ್ನು ನಂಬಬೇಡಿ. ಪಾಲಿಸಿಗಳಲ್ಲಿ ಹೊರಗಿಟ್ಟ ವಿಷಯಗಳಿಗೆ ಒಂದೇ ತರಹದ ಕೋಡುಗಳಿವೆ. ಬರೀ ಪರೀಕ್ಷೆಗಳಿಗಾಗಿ ದಾಖಲಾಗುವುದು ಕೋಡ್ 04. ಮುಖ್ಯವಾಗಿ ವಿಶ್ರಾಂತಿ, ಪುನಶ್ಚೇತನಕ್ಕಾಗಿ ದಾಖಲಾಗುವುದು ಕೋಡ್ 05. ಹೊರರೋಗಿಯಾಗಿ ಮಾಡಬಹುದಾದ ಫಿಸಿಯೋಥೆರಪಿಗೆ ಹಾಸಿಗೆ ಹಿಡಿದರೆ ಕಂಪನಿ ನೇರವಾಗಿ ಈ ಎರಡರ ಮೇಲೆ ಬೆರಳಿಡುತ್ತದೆ. ಹಣವೂ ಬರುವುದಿಲ್ಲ, ಆಸ್ಪತ್ರೆಯ ಬಿಲ್ಲೂ ಮೈಮೇಲೆ ಬೀಳುತ್ತದೆ.

ಆಸ್ಪತ್ರೆಗೇ ಸೇರದವರ ಕಥೆ ಏನು? ಸಿರುಗುಪ್ಪದಲ್ಲಿರುವ ನನ್ನ ನಾನಾ ರೈಸ್ ಮಿಲ್ಲಿನಲ್ಲಿ ವರ್ಷಗಟ್ಟಲೆ ಭತ್ತದ ಚೀಲ ಹೊತ್ತವರು. ಅವರ ಸೊಂಟ ನೋವಿಗೆ ಎಂದೂ ದಾಖಲಾಗಿಲ್ಲ. ಹಾಗಾಗಿ ಸಾಮಾನ್ಯ ಪಾಲಿಸಿ ಇದ್ದರೂ ಅವರ ಫಿಸಿಯೋಥೆರಪಿಗೆ ಒಂದು ಪೈಸೆ ಸಿಗುತ್ತಿರಲಿಲ್ಲ. ಇಂಥವರಿಗೆ ಹೊಂದುವುದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಯ ನೌಕರರಿಗೆ ಅದು ಅನ್ವಯ. ಸಂಬಳದಲ್ಲಿ ನೌಕರನಿಂದ ಶೇ. 0.75, ಮಾಲೀಕನಿಂದ ಶೇ. 3.25 ಕಟ್ಟಬೇಕು. ಅದರಲ್ಲಿ ಹೊರರೋಗಿ ಚಿಕಿತ್ಸೆಯೂ ಇದೆ. ಕೆಲಸದ ಗಾಯದಿಂದ ಮನೆಯಲ್ಲಿ ಕೂರಬೇಕಾದರೆ ಕೂಲಿಯ ಶೇ. 90ರಷ್ಟು ಹಣವೂ ಬರುತ್ತದೆ. ಆದರೆ ಹೆಸರು ಹಾಜರಿ ಪುಸ್ತಕದಲ್ಲಿ ಇರಬೇಕಲ್ಲ. ಬಳ್ಳಾರಿಯಲ್ಲಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುವವರ ಹೆಸರು ಯಾವ ಪುಸ್ತಕದಲ್ಲಿದೆ? ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಅದೂ ಮುಖ್ಯವಾಗಿ ದಾಖಲಾಗುವ ಚಿಕಿತ್ಸೆಗಳ ಪ್ಯಾಕೇಜುಗಳ ಮೇಲೆ ನಿಂತಿದೆ. ನಾನಾ ಅವರಿಗೆ ಈಗ ಉಳಿದಿರುವುದು ಸರ್ಕಾರಿ ಆಸ್ಪತ್ರೆ, ವಿಮ್ಸ್ ಎಂದೇ ಎಲ್ಲರೂ ಕರೆಯುವ ನಮ್ಮ ಊರಿನ ಮೆಡಿಕಲ್ ಕಾಲೇಜು. ಅದಕ್ಕೆ ಸಿರುಗುಪ್ಪದಿಂದ ಬಸ್ಸಿನಲ್ಲಿ ಬರಬೇಕು. ನೋವಿರುವ ಸೊಂಟಕ್ಕೆ ಅದೂ ಸುಲಭವಲ್ಲ.

ರಸ್ತೆ ಅಪಘಾತದಲ್ಲಿ ಬೇರೆ ವಾಹನ ಗುದ್ದಿದ್ದರೆ ದಾರಿಯೇ ಬೇರೆ. ಆಗ ಆ ವಾಹನದ ವಿಮಾ ಕಂಪನಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ ಪರಿಹಾರ ಕೇಳಬಹುದು. ಅಲ್ಲಿ 60 ದಿನದ ಮಿತಿ ಇಲ್ಲ. ಚಿಕಿತ್ಸೆ, ಓಡಾಟದ ಖರ್ಚು, ಹೋದ ಸಂಬಳ, ಮುಂದೆ ಬೇಕಾಗುವ ಚಿಕಿತ್ಸೆ ಎಲ್ಲವನ್ನೂ ಕೇಳಬಹುದು. ಅಲ್ಲಿಯೂ ಕಂಪನಿಯ ವಕೀಲರು ಬಿಲ್ಲುಗಳನ್ನು ಒಂದೊಂದಾಗಿ ಪ್ರಶ್ನಿಸುತ್ತಾರೆ. ಎರಡು ಸುಪ್ರೀಂ ಕೋರ್ಟ್ ತೀರ್ಪುಗಳು ಇಲ್ಲಿ ಮುಖ್ಯ. ಕರ್ನಾಟಕದಿಂದಲೇ ಹೋದ ನಾಗಪ್ಪ ಪ್ರಕರಣದ ತೀರ್ಪಿನ ಪ್ರಕಾರ ನ್ಯಾಯಮಂಡಳಿಯ ಆದೇಶ ಒಂದೇ ಸಲ ಆಗುವುದರಿಂದ ಮುಂದಿನ ಚಿಕಿತ್ಸೆಯ ಖರ್ಚನ್ನೂ ಅದರಲ್ಲೇ ಸೇರಿಸಬೇಕು. ಅಂದರೆ ಇನ್ನೂ ಆರು ತಿಂಗಳು ಫಿಸಿಯೋಥೆರಪಿ ಬೇಕು ಎಂದಾದರೆ ಡಾಕ್ಟರಿಂದ ಈಗಲೇ ಬರೆಸಿಕೊಳ್ಳಬೇಕು. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಕೋರ್ಟು, ಅಂಗಕ್ಕೆ ಆದ ಊನದ ಪ್ರಮಾಣ ಬೇರೆ, ಅದರಿಂದ ದುಡಿಮೆಗೆ ಆದ ನಷ್ಟ ಬೇರೆ ಎಂದಿತು. ಕೈ ಹೋದರೆ ಡ್ರೈವರ್, ಬಡಗಿಗೆ ದುಡಿಮೆಯೇ ಹೋದ ಹಾಗೆ, ಗುಮಾಸ್ತನಿಗೆ ಕೆಲಸ ಉಳಿಯಬಹುದು ಎಂಬುದು ಅದರಲ್ಲಿ ಕೊಟ್ಟ ಉದಾಹರಣೆ. ದಿನವಿಡೀ ನಿಲ್ಲುವ ಕಟಿಂಗ್ ಮಾಸ್ಟರಿಗೆ 115 ಡಿಗ್ರಿಯ ಮೊಣಕಾಲು ಎಂದರೇನು ಎಂದು ಕೇಳಲು ಈ ತೀರ್ಪು ಜಾಗ ಕೊಡುತ್ತದೆ. ನಾಯಿಯ ಮೇಲೆ ಯಾವ ಪಾಲಿಸಿಯೂ ಇಲ್ಲದ್ದರಿಂದ ಮಾಮುಗೆ ಈ ದಾರಿ ಇರಲಿಲ್ಲ. ಬೈಕಿನ ಮಾಲೀಕನಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಒಂದೂವರೆ ಲಕ್ಷದವರೆಗೆ ಚಿಕಿತ್ಸೆ ಇದೆ, ಅಪಘಾತವಾದ ದಿನದಿಂದ ಏಳು ದಿನ ಮಾತ್ರ. ಆ ಏಳು ದಿನದಲ್ಲಿ ಜೀವ ಉಳಿಯಬಹುದು, ಮೊಣಕಾಲು ಮಡಚುವ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ.

ಕಂಪನಿ ನಿರಾಕರಿಸಿದರೆ ಎಲ್ಲಿಗೆ ಹೋಗಬೇಕು ಎಂದು ತರಗತಿಯಲ್ಲಿ ಒಬ್ಬರು ಕೇಳಿದ್ದರು. ನಿರಾಕರಣೆ ಪತ್ರದಲ್ಲಿ ಪಾಲಿಸಿಯ ಯಾವ ಶರತ್ತಿನ ಮೇಲೆ ಎಂದು ಬರೆದಿರಬೇಕು. ಇಲ್ಲದಿದ್ದರೆ ಕೇಳಿ ಪಡೆಯಿರಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೇ ಬರೆಯಬೇಕು. ಐಆರ್‌ಡಿಎಐಯ 'ಬಿಮಾ ಭರೋಸಾ' ತಾಣದಲ್ಲಿ ಅಥವಾ 155255 ನಂಬರಿನಲ್ಲಿ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ವಿವಾದ ಅವರ ಮುಂದೆ ಬರುತ್ತದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅಲ್ಲಿ 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಗುಜರಾತಿನ ವಡೋದರಾದ ಗ್ರಾಹಕರ ಆಯೋಗ 2023ರಲ್ಲಿ, ಚಿಕಿತ್ಸೆ ಆಧುನಿಕವಾಗಿ ಬೇಗ ಮುಗಿದರೆ 24 ಗಂಟೆ ದಾಖಲಾಗಿರಲಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಹೇಳಿತ್ತು.

ಮಾಮು ಉಳಿದ 6,300ಕ್ಕೆ ದೂರು ಕೊಡಲಿಲ್ಲ. 60 ದಿನ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಇದ್ದುದರಿಂದ ನಾನೂ ಒತ್ತಾಯಿಸಲಿಲ್ಲ. ಈಗ ನವೀಕರಣದ ಸಮಯ ಬಂದಿದೆ. ಪೋರ್ಟಬಿಲಿಟಿಯಲ್ಲಿ ಬೇರೆ ಕಂಪನಿಗೆ ಹೋದರೆ ಹಳೆಯ ಕಾಯಿಲೆಗಳಿಗೆ ಈಗಾಗಲೇ ಕಾದ ವರ್ಷಗಳು ಲೆಕ್ಕಕ್ಕೆ ಸಿಗುತ್ತವೆ. ಹಾಗಾಗಿ ಮೂರು ಕಂಪನಿಗಳ ಪಾಲಿಸಿ ತರಿಸಿಕೊಂಡಿದ್ದೇವೆ. ಮಾಮು ಪ್ರೀಮಿಯಂ ಎಷ್ಟು ಎಂದು ನೋಡುತ್ತಿದ್ದಾರೆ, ನಾನು ಡಿಸ್ಚಾರ್ಜ್ ನಂತರದ ದಿನಗಳು ಎಷ್ಟು, ಹೊರರೋಗಿ ಚಿಕಿತ್ಸೆ ಇದೆಯೇ ಎಂದು ಪುಟ ತಿರುವುತ್ತಿದ್ದೇನೆ. 90 ದಿನದ್ದು ಒಂದು ಸಿಕ್ಕಿದೆ, ಪ್ರೀಮಿಯಂ ಸ್ವಲ್ಪ ಹೆಚ್ಚು. ಇನ್ನೂ ತೀರ್ಮಾನವಾಗಿಲ್ಲ.